ಬೆಲೆ ಬಿದ್ದ ಟೊಮೆಟೊ, ಬತ್ತಿದ ಬೋರ್‌ವೆಲ್: ಕೋಲಾರದ ರೈತನ ಲೆಕ್ಕ ತಪ್ಪುವುದು ಎಲ್ಲಿ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬೆಲೆ ಕುಸಿದಾಗಲೆಲ್ಲ ಒಂದೇ ಥರದ ಸುದ್ದಿ, ಒಂದೇ ಥರದ ಫೋಟೊ ಬರುತ್ತವೆ. ರಸ್ತೆ ಬದಿಯಲ್ಲಿ ಕೆಂಪು ರಾಶಿ, ಅದಕ್ಕೆ ಬಾಯಿ ಹಾಕಿದ ದನಗಳು, ಪಕ್ಕದಲ್ಲಿ ಖಾಲಿ ಕ್ರೇಟ್ ಜೋಡಿಸುತ್ತಿರುವ ರೈತ. ಓದಿದವರು ಕೇಳುವ ಪ್ರಶ್ನೆಗಳೂ ಪ್ರತಿ ಸಲ ಅವೇ. ಬೆಲೆ ಬೀಳುತ್ತೆ ಅಂತ ಗೊತ್ತಿದ್ದೂ ಮತ್ತೆ ಅದನ್ನೇ ಯಾಕೆ ಹಾಕುತ್ತಾರೆ? ಸುರಿಯುವ ಬದಲು ಯಾರಿಗಾದರೂ ಕೊಡಬಾರದಾ? ಹೋದ ಸಲದ ಪೆಟ್ಟಿನಿಂದ ಬುದ್ಧಿ ಬರಲಿಲ್ವಾ?

ಈ ಪ್ರಶ್ನೆಗಳ ಹಿಂದೆ ಅರ್ಥಶಾಸ್ತ್ರದ ಒಂದು ಹಳೇ ಜಗಳ ಇದೆ. ಮನುಷ್ಯ ತನ್ನ ಲಾಭ ನಷ್ಟವನ್ನು ಸರಿಯಾಗಿ ತೂಗಿ ನೋಡಿ ನಿರ್ಧಾರ ಮಾಡುತ್ತಾನೆ ಎಂಬುದು ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಬಹಳ ಕಾಲದಿಂದ ನಂಬಿಕೊಂಡು ಬಂದ ಮಾತು. ಹಾಗಲ್ಲ, ಮನುಷ್ಯ ಪದೇ ಪದೇ ಒಂದೇ ಥರದ ತಪ್ಪು ಮಾಡುತ್ತಾನೆ, ಆ ತಪ್ಪುಗಳನ್ನು ಮೊದಲೇ ಊಹಿಸಬಹುದು ಎಂದು ಕಳೆದ ಅರ್ಧ ಶತಮಾನದಲ್ಲಿ ಮನಶ್ಶಾಸ್ತ್ರಜ್ಞರು ತೋರಿಸಿದರು. ಎರಡೂ ಪಕ್ಷಕ್ಕೆ ನೊಬೆಲ್ ಬಂದಿದೆ. ಕೋಲಾರದ ಟೊಮೆಟೊ ಈ ಎರಡರಲ್ಲಿ ಯಾರ ಕಡೆ ಸಾಕ್ಷಿ ಹೇಳುತ್ತದೆ ಎಂಬುದು ಬರೀ ಪಂಡಿತರ ವಿಷಯ ಅಲ್ಲ. ರೈತ ತಪ್ಪು ಲೆಕ್ಕ ಹಾಕುತ್ತಿದ್ದರೆ ಅವನಿಗೆ ತಿಳಿವಳಿಕೆ ಕೊಡಬೇಕು. ಅವನ ಲೆಕ್ಕ ಸರಿಯಿದ್ದೂ ನಷ್ಟವಾಗುತ್ತಿದ್ದರೆ, ಎಷ್ಟು ತಿಳಿವಳಿಕೆ ಕೊಟ್ಟರೂ ಏನೂ ಬದಲಾಗುವುದಿಲ್ಲ.

ಮೊದಲು ಆ ಫೋಟೊದ ಲೆಕ್ಕ

ಸುದ್ದಿಯಲ್ಲಿ ಎಲ್ಲಕ್ಕಿಂತ ಹುಚ್ಚಾಟದಂತೆ ಕಾಣುವುದು ಟೊಮೆಟೊ ಸುರಿಯುವ ಕೆಲಸ. ಆದರೆ ಇಡೀ ಪ್ರಕರಣದಲ್ಲಿ ಅತ್ಯಂತ ಲೆಕ್ಕಾಚಾರದ ಕೆಲಸವೂ ಅದೇ.

ಕೋಲಾರದಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿಯ ಬಾಕ್ಸ್ ಲೆಕ್ಕದಲ್ಲಿ. ಸುಮ್ನೆ ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಹಣ್ಣು ಕೀಳಲು ಬಾಕ್ಸಿಗೆ 20 ರೂಪಾಯಿ ಕೂಲಿ. ಮಾರುಕಟ್ಟೆಗೆ ಸಾಗಿಸಲು 15. ಹಮಾಲಿ, ಕಮಿಷನ್ ಸೇರಿ 10. ಒಟ್ಟು 45. ಸಸಿ, ಗೊಬ್ಬರ, ಔಷಧಿ, ಗಿಡಕ್ಕೆ ಕಟ್ಟಿದ ಕಡ್ಡಿ, ದಾರ ಇವೆಲ್ಲ ಈ ಲೆಕ್ಕದಲ್ಲಿ ಇಲ್ಲ. ಆ ದುಡ್ಡು ಆಗಲೇ ಹೋಗಿದೆ. ಹಣ್ಣು ಕಿತ್ತರೂ ಬಾರದು, ಬಿಟ್ಟರೂ ಬಾರದು.

ಬಾಕ್ಸಿಗೆ 60 ರೂಪಾಯಿ ಸಿಗುತ್ತದೆ ಅನ್ನಿಸಿದರೆ ಕೀಳಬೇಕು. ಇಡೀ ಬೆಳೆ ನಷ್ಟದಲ್ಲಿದ್ದರೂ ಬಾಕ್ಸಿಗೆ 15 ರೂಪಾಯಿಯಾದರೂ ಕೈಗೆ ಬರುತ್ತದೆ. 30 ಸಿಗುತ್ತದೆ ಅಂದರೆ ಗಿಡದಲ್ಲೇ ಬಿಡುವುದು ಲಾಭ. ತೊಡಕು ಇರುವುದು ಇಲ್ಲೇ. ಹಣ್ಣು ಕೀಳುವುದು ಇವತ್ತು, ಹರಾಜು ನಾಳೆ ಬೆಳಗ್ಗೆ. ಕೀಳುವಾಗ 60 ಇದ್ದ ಬೆಲೆ ಹರಾಜಿನ ಹೊತ್ತಿಗೆ 30 ಆಗಿರಬಹುದು. ಆಗಲೂ ಮಾರುವುದೇ ಸರಿ, ಯಾಕೆಂದರೆ ಕೂಲಿ, ಬಾಡಿಗೆ ಎರಡೂ ಖರ್ಚಾಗಿವೆ. ಇನ್ನು ಪೂರ್ತಿ ಹಣ್ಣಾಗಿ ಮೆತ್ತಗಾದ ಮಾಲು ದೂರದ ರಾಜ್ಯಕ್ಕೆ ಹೋಗುವ ಲಾರಿಗೆ ಆಗುವುದಿಲ್ಲ. ಮಾಲು ಜಾಸ್ತಿ ಬಂದ ದಿನ ಅಂಥದ್ದನ್ನು ಯಾರೂ ಕೂಗುವುದೇ ಇಲ್ಲ. ವಾಪಸ್ ಊರಿಗೆ ಒಯ್ಯಲು ಮತ್ತೆ ಬಾಡಿಗೆ. ಊರಲ್ಲಿ ಎಲ್ಲರ ಹೊಲದಲ್ಲೂ ಅದೇ ಟೊಮೆಟೊ. ಪುಕ್ಕಟೆ ಕೊಟ್ಟರೂ ಸಾಗಿಸುವ ಖರ್ಚು ಯಾರದು? ನಾಳೆ ಕೀಳಲು ಕ್ರೇಟ್ ಖಾಲಿಯಾಗಬೇಕು. ಸುರಿಯುತ್ತಾರೆ.

ಹೊಲದಲ್ಲೇ ಬಿಡಬಹುದಿತ್ತಲ್ಲ ಎಂದರೆ, ಅದರಲ್ಲೂ ಒಂದು ಸಿಕ್ಕು ಇದೆ. ಮಾಗಿದ ಹಣ್ಣು ಗಿಡದಲ್ಲೇ ಕೊಳೆತರೆ ಹುಳ, ರೋಗ ಮುಂದಿನ ಕಾಯಿಗೆ ಹಬ್ಬುತ್ತದೆ. ಟೊಮೆಟೊ ಒಂದೇ ಸಲಕ್ಕೆ ಕೊಯ್ದು ಮುಗಿಸುವ ಬೆಳೆ ಅಲ್ಲ. ಒಂದೂವರೆ ಎರಡು ತಿಂಗಳು ಕೀಳುತ್ತಲೇ ಇರಬೇಕು. ಇವತ್ತಿನ ನಷ್ಟದ ಕೀಳುವಿಕೆ ಬರುವ ವಾರದ ಬೆಲೆಯ ಆಸೆಗೆ ಕಟ್ಟುವ ಕಂತು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಬೆಲೆ ಇಲ್ಲದ ಇಪ್ಪತ್ತು ಬಾಕ್ಸ್ ಟೊಮೆಟೊವನ್ನು ಹೆದ್ದಾರಿಗೆ ಸುರಿದರೆ ಮರುದಿನ ಪೇಪರಿನಲ್ಲಿ ಬರುತ್ತದೆ, ಮಂತ್ರಿಗಳು ಹೇಳಿಕೆ ಕೊಡುತ್ತಾರೆ. ಅಷ್ಟು ಅಗ್ಗದಲ್ಲಿ ಸರ್ಕಾರದ ಗಮನ ಸೆಳೆಯುವ ಬೇರೆ ದಾರಿ ರೈತನಿಗೆ ಇಲ್ಲ.

ಬೆಲೆ ಇಷ್ಟೊಂದು ಯಾಕೆ ಕುಣಿಯುತ್ತದೆ

2023ರ ಜುಲೈ ನೆನಪಿರಬಹುದು. ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಅಂಗಡಿಯಲ್ಲಿ ಕೆಜಿ ನೂರರ ಮೇಲೆ ಹೋಯಿತು. ದೇಶದ ಚಿಲ್ಲರೆ ಹಣದುಬ್ಬರ ಆ ತಿಂಗಳು ಶೇ 7.44ಕ್ಕೆ ಏರಿತು, ಅದರಲ್ಲಿ ತರಕಾರಿಯ ಪಾಲು ದೊಡ್ಡದು. ಕೇಂದ್ರ ಸರ್ಕಾರ ಎನ್‌ಸಿಸಿಎಫ್, ನಾಫೆಡ್ ಎಂಬ ಸಹಕಾರ ಸಂಸ್ಥೆಗಳ ಮೂಲಕ ಟೊಮೆಟೊ ಖರೀದಿಸಿ ದೆಹಲಿ ಮತ್ತಿತರ ಊರುಗಳಲ್ಲಿ ಕೆಜಿಗೆ 90 ರೂಪಾಯಿಯಂತೆ ಮಾರಲು ಶುರು ಮಾಡಿತು. ಆಮೇಲೆ 80, 70, 50, 40 ಎಂದು ಇಳಿಸುತ್ತ ಬಂತು. ನೇಪಾಳದಿಂದಲೂ ಹಣ್ಣು ಬಂತು. ಸೆಪ್ಟೆಂಬರ್ ಹೊತ್ತಿಗೆ ಅದೇ ಟೊಮೆಟೊವನ್ನು ಹಲವು ರಾಜ್ಯಗಳಲ್ಲಿ ರಸ್ತೆಗೆ ಸುರಿಯುತ್ತಿದ್ದರು.

ಎರಡೇ ತಿಂಗಳು. ಇಷ್ಟು ಬೇಗ ಹೇಗೆ? ಮೊದಲ ಕಾರಣ ನಮ್ಮ ಅಡುಗೆಮನೆಯಲ್ಲಿದೆ. ಒಂದು ಪಾತ್ರೆ ಸಾರಿಗೆ ಎರಡು ಮೂರು ಟೊಮೆಟೊ ಸಾಕು. ಕೆಜಿ 5 ರೂಪಾಯಿ ಆಯಿತು ಅಂತ ಯಾರೂ ಹತ್ತು ಹಾಕುವುದಿಲ್ಲ. 60 ಆಯಿತು ಅಂತ ಪೂರ್ತಿ ಬಿಡುವುದೂ ಇಲ್ಲ. ಬೇಡಿಕೆ ಹೀಗೆ ಗಟ್ಟಿ ಕೂತಿರುವಾಗ ಮಾರುಕಟ್ಟೆಗೆ ಮಾಲು ಸ್ವಲ್ಪ ಕಮ್ಮಿಯಾದರೂ ಬೆಲೆ ಹಾರುತ್ತದೆ, ಸ್ವಲ್ಪ ಜಾಸ್ತಿಯಾದರೂ ಮುಗ್ಗರಿಸುತ್ತದೆ. ಎರಡನೇ ಕಾರಣ, ಟೊಮೆಟೊವನ್ನು ಆಲೂಗಡ್ಡೆಯಂತೆ ತಿಂಗಳುಗಟ್ಟಲೆ ಇಡಲಾಗದು. ಬೆಲೆ ಬರುವವರೆಗೆ ಕಾಯುವ ಆಯ್ಕೆಯೇ ಇಲ್ಲ.

ಮೂರನೆಯದು, ಕೋಲಾರದ ಬೆಲೆ ಕೋಲಾರದಲ್ಲಿ ತೀರ್ಮಾನ ಆಗುವುದಿಲ್ಲ. ಗಡಿಯಾಚೆ ಆಂಧ್ರದ ಮದನಪಲ್ಲಿಯಲ್ಲಿ ಎಷ್ಟು ಮಾಲು ಇದೆ, ಮಹಾರಾಷ್ಟ್ರದ ನಾಸಿಕ್, ನಾರಾಯಣಗಾಂವ್ ಕಡೆ ಕೊಯ್ಲು ಶುರುವಾಯಿತಾ, ಉತ್ತರದಲ್ಲಿ ಮಳೆ ಬಂತಾ, ಇವೆಲ್ಲ ಸೇರುತ್ತವೆ. 2023ರಲ್ಲಿ ಇಲ್ಲಿ ಎಲೆ ಮುದುಡುವ ರೋಗ, ಮಹಾರಾಷ್ಟ್ರದಲ್ಲಿ ಇನ್ನೊಂದು ವೈರಸ್, ಉತ್ತರದಲ್ಲಿ ಜೋರು ಮಳೆ ಒಟ್ಟಿಗೆ ಬಂದವು. ಇವಕ್ಕೆಲ್ಲ ಮುಂಚೆ, ಆ ಬೇಸಿಗೆಯಲ್ಲಿ ಬೆಲೆ ನೆಲಕಚ್ಚಿ ಬಹಳ ಜನ ಟೊಮೆಟೊ ಬಿಟ್ಟಿದ್ದರು. ಅಂದರೆ ಜುಲೈನ ಚಿನ್ನದ ಬೆಲೆ ಬೇಸಿಗೆಯ ಕುಸಿತದ ಮಗು. ಸೆಪ್ಟೆಂಬರಿನ ಕುಸಿತ ಜುಲೈ ಬೆಲೆಯ ಮಗು. ಸಸಿ ನೆಟ್ಟು ಮೊದಲ ಹಣ್ಣು ಕೀಳಲು 60ರಿಂದ 70 ದಿನ ಬೇಕು. ತಾರೀಖು ಹಾಕಿ ನೋಡಿದರೆ ಲೆಕ್ಕ ಕೂಡಿಬರುತ್ತದೆ.

ಹಂದಿ ಸಾಕಿದವರ ಪಾಠ

ಇದು ಕೋಲಾರದವರು ಕಂಡುಹಿಡಿದ ರೋಗವೇನಲ್ಲ. 1920ರ ದಶಕದಲ್ಲಿ ಆರ್ಥರ್ ಹನಾವ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞ ಅಲ್ಲಿನ ಹಂದಿ ಬೆಲೆಯಲ್ಲಿ ಇಂಥದ್ದೇ ಏರಿಳಿತ ಗುರುತಿಸಿದ. ಹಂದಿ ಮಾಂಸದ ಬೆಲೆ ಏರಿದಾಗ ರೈತರೆಲ್ಲ ಹೆಚ್ಚು ಮರಿ ಸಾಕುತ್ತಿದ್ದರು. ಅವು ಬೆಳೆದು ಮಾರುಕಟ್ಟೆಗೆ ಬರುವಷ್ಟರಲ್ಲಿ ಬೆಲೆ ಬೀಳುತ್ತಿತ್ತು. ಆಗ ಎಲ್ಲರೂ ಕೈಬಿಡುತ್ತಿದ್ದರು. ಮತ್ತೆ ಕೊರತೆ, ಮತ್ತೆ ಏರಿಕೆ. 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ ಇದಕ್ಕೆ ಜೇಡರ ಬಲೆ ಎಂದು ಹೆಸರಿಟ್ಟರು. ಬೇಡಿಕೆ, ಪೂರೈಕೆಯ ಗೆರೆಗಳ ಮೇಲೆ ಬೆಲೆಯ ಓಡಾಟ ಬರೆದರೆ ಬಲೆಯ ಆಕಾರ ಬರುತ್ತದೆ. ಮಾರ್ಡಿಕಾಯ್ ಇಝೆಕಿಯಲ್ 1938ರಲ್ಲಿ ಇದನ್ನು ಪೂರ್ತಿ ಸಿದ್ಧಾಂತವಾಗಿ ವಿವರಿಸಿದರು.

ಈ ವಿವರಣೆಯಲ್ಲಿ ಒಂದು ಊಹೆ ಅಡಗಿದೆ. ಇವತ್ತಿನ ಬೆಲೆಯೇ ನಾಳೆಯೂ ಇರುತ್ತದೆ ಎಂದು ರೈತ ನಂಬುತ್ತಾನೆ ಎಂಬುದು ಆ ಊಹೆ. 1961ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಮ್ಯೂತ್ ಇದನ್ನೇ ಹಿಡಿದು ಎಳೆದರು. ರೈತ ಅಷ್ಟು ದಡ್ಡನಾ? ಹೀಗೇ ಆಗುತ್ತದೆ ಎಂದು ಅರ್ಥಶಾಸ್ತ್ರಜ್ಞನಿಗೆ ಗೊತ್ತಿದ್ದರೆ ಹಂದಿ ಸಾಕುವವನಿಗೂ ಗೊತ್ತಿರಬೇಕು. ಗೊತ್ತಿದ್ದರೆ ಎಲ್ಲರೂ ಬಿಟ್ಟಾಗ ಅವನು ಸಾಕುತ್ತಾನೆ, ಎಲ್ಲರೂ ಸಾಕುವಾಗ ಬಿಡುತ್ತಾನೆ. ಹಾಗೆ ಮಾಡುವವರು ಹೆಚ್ಚಾದ ಹಾಗೆ ಏರಿಳಿತವೇ ಸಾಯಬೇಕು. ಈ ವಾದದಿಂದಲೇ ಮುಂದೆ ಅಮೆರಿಕದ ಅರ್ಥಶಾಸ್ತ್ರದಲ್ಲಿ ದೊಡ್ಡ ಪಂಥವೊಂದು ಹುಟ್ಟಿತು.

ಕಾಗದದ ಮೇಲೆ ಮ್ಯೂತ್ ಗೆದ್ದರು. ಕೋಲಾರದ ಮಾರುಕಟ್ಟೆಯಲ್ಲಿ ಬಲೆ ಹಾಗೇ ಇದೆ. ಯಾಕೆ?

ಗೊತ್ತಿದ್ದೂ ತಪ್ಪಿಸಿಕೊಳ್ಳಲಾಗದ್ದು

ರೈತರಿಗೆ ಗೊತ್ತಿಲ್ಲ ಎಂಬ ಉತ್ತರ ನಿಲ್ಲುವುದಿಲ್ಲ. ‘ಟೊಮೆಟೊ ಅಂದ್ರೆ ಲಾಟ್ರಿ’ ಎಂಬ ಮಾತು ಮಾಲೂರು, ಮುಳಬಾಗಿಲು, ಚಿಂತಾಮಣಿ ಕಡೆ ಯಾರ ಬಾಯಲ್ಲಿ ಬೇಕಾದರೂ ಕೇಳಬಹುದು. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡರ್ ಶುಲ್ಟ್ಜ್ 1964ರಲ್ಲೇ ಈ ಬಗ್ಗೆ ಬರೆದಿದ್ದರು. ಉತ್ತರ ಪ್ರದೇಶದ ಸೇನಾಪುರ ಎಂಬ ಹಳ್ಳಿಯ ವಿವರಗಳನ್ನೂ ಇಟ್ಟುಕೊಂಡು, ಬಡ ರೈತರು ತಮ್ಮ ಕೈಲಿರುವುದನ್ನು ಬಹಳ ಜಾಣತನದಿಂದ ಬಳಸುತ್ತಾರೆ, ಬಡತನಕ್ಕೆ ಕಾರಣ ಅವರ ದಡ್ಡತನ ಅಲ್ಲ ಎಂದು ವಾದಿಸಿದರು. 1979ರ ನೊಬೆಲ್ ಹಂಚಿಕೊಂಡವರಲ್ಲಿ ಅವರೊಬ್ಬರು.

ನಿಜವಾದ ತೊಡಕು ಬೇರೆ. ಬೆಲೆ ಬೀಳುತ್ತದೆ ಎಂದು ತಿಳಿದವನು ಏನು ಮಾಡಬೇಕು? ಟೊಮೆಟೊ ಬಿಡಬೇಕು. ಆದರೆ ಎಲ್ಲರೂ ಹಾಗೆ ತಿಳಿದು ಬಿಟ್ಟರೆ ಬೆಲೆ ಏರುತ್ತದೆ, ಬಿಟ್ಟವನೇ ಪೆದ್ದನಾಗುತ್ತಾನೆ. ಎಲ್ಲರೂ ನಂಬಿದ ಕೂಡಲೇ ಸುಳ್ಳಾಗುವ ಭವಿಷ್ಯ ಇದು. 1994ರಲ್ಲಿ ಬ್ರಯನ್ ಆರ್ಥರ್ ಎಂಬ ಅರ್ಥಶಾಸ್ತ್ರಜ್ಞ ಒಂದು ಬಾರಿನ ಉದಾಹರಣೆ ಕೊಟ್ಟು ಇದನ್ನೇ ತೋರಿಸಿದರು. ಜನ ಕಮ್ಮಿ ಇದ್ದರೆ ಅಲ್ಲಿಗೆ ಹೋಗುವುದು ಖುಷಿ, ಜಾಸ್ತಿ ಇದ್ದರೆ ಹಿಂಸೆ. ಇವತ್ತು ಜನ ಕಮ್ಮಿ ಎಂದು ಎಲ್ಲರೂ ಲೆಕ್ಕ ಹಾಕಿದರೆ ಬಾರು ತುಂಬುತ್ತದೆ. ಇಂಥ ಕಡೆ ಪ್ರತಿಯೊಬ್ಬನೂ ಬಳಸಬಹುದಾದ ಒಂದೇ ಸರಿಯಾದ ಲೆಕ್ಕ ಅನ್ನುವುದು ಇಲ್ಲವೇ ಇಲ್ಲ. ಲೆಕ್ಕದ ಮುಖ್ಯ ಅಂಕಿ ಬೇರೆಯವರ ತಲೆಯಲ್ಲಿದೆ.

ಹಾಗಿದ್ದರೆ ಜಾಣ ದಾರಿ ಯಾವುದು? ಬೆಲೆ ನೋಡದೆ ವರ್ಷವಿಡೀ ಸ್ವಲ್ಪ ಸ್ವಲ್ಪ ಹಾಕುತ್ತ ಹೋಗುವುದು. ನಾಲ್ಕು ಸಲ ಹೋದರೂ ಐದನೇ ಸಲ ಸಿಕ್ಕರೆ ಎಲ್ಲ ತುಂಬಿಬರುತ್ತದೆ ಎಂಬ ಲೆಕ್ಕ. ಹೀಗೆ ಮಾಡುವ ದೊಡ್ಡ ಬೆಳೆಗಾರರು ಈ ಭಾಗದಲ್ಲಿ ಇದ್ದಾರೆ. ಆದರೆ ನಾಲ್ಕು ಸಲ ಸೋತು ನಿಲ್ಲಲು ಬಂಡವಾಳ ಬೇಕು. ಎರಡೆಕರೆ ಇರುವವನಿಗೆ ಅದು ಇಲ್ಲ. ಅವನ ಬಂಡವಾಳ ಸಾಲ. ಬೆಲೆ ಬಿದ್ದಿರುವಾಗ ಗೊಬ್ಬರದಂಗಡಿಯವನು ಉದ್ರಿ ಕೊಡಲು ಹಿಂದೆ ಮುಂದೆ ನೋಡುತ್ತಾನೆ. ಮಂಡಿಯವರು ಅಡ್ವಾನ್ಸ್ ಕೊಡುವುದಿಲ್ಲ. ಬೆಲೆ ಏರಿದಾಗ ಎಲ್ಲರ ಕೈ ಬಿಚ್ಚುತ್ತದೆ. ಹಾಗಾಗಿ ಸಣ್ಣ ರೈತ ಟೊಮೆಟೊಗೆ ಇಳಿಯುವ ಹೊತ್ತನ್ನು ಅವನ ಆಸೆಗಿಂತ ಜಾಸ್ತಿ ಸಾಲ ಸಿಗುವ ಹೊತ್ತು ನಿರ್ಧರಿಸುತ್ತದೆ. ಎಲ್ಲರಿಗೂ ಒಟ್ಟಿಗೆ ಸಾಲ ಸಿಕ್ಕರೆ ಎಲ್ಲರೂ ಒಟ್ಟಿಗೆ ನೆಡುತ್ತಾರೆ. ಕುರಿಮಂದೆ ಅಂತ ಬೈಯುವವರು ಈ ಭಾಗ ನೋಡುವುದಿಲ್ಲ.

ಇನ್ನೊಂದು ವಿಷಯ ಹಾಲು. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಎರಡು ಸೀಮೆಹಸು ಇರುತ್ತವೆ. ಡೇರಿ ಬಟವಾಡೆ ತಪ್ಪದೆ ಬರುತ್ತದೆ. ಅಕ್ಕಿ, ಸ್ಕೂಲ್ ಫೀಸು, ಆಸ್ಪತ್ರೆ ಅದರಲ್ಲಿ ನಡೆಯುತ್ತದೆ. ಹೊಲದ ಒಂದು ಮೂಲೆಯಲ್ಲಿ ಊಟಕ್ಕೆ ರಾಗಿ. ಈ ಎರಡು ಗಟ್ಟಿ ಇದ್ದ ಮೇಲೆ ಮಿಕ್ಕ ಒಂದೆಕರೆಯಲ್ಲಿ ಟೊಮೆಟೊ ಹಾಕಿ ಅದೃಷ್ಟ ನೋಡುವುದು ಹುಚ್ಚಲ್ಲ. ಷೇರು ಸಲಹೆಗಾರರು ಫೀಸು ಇಸಿದುಕೊಂಡು ಹೇಳುವುದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ಟೊಮೆಟೊವನ್ನು ಮಾತ್ರ ನೋಡಿದರೆ ಜೂಜು ಕಾಣುತ್ತದೆ, ಮನೆಯ ಪೂರ್ತಿ ಆದಾಯ ನೋಡಿದರೆ ಲೆಕ್ಕ ಕಾಣುತ್ತದೆ.

ಹರ್ಬರ್ಟ್ ಸೈಮನ್ ಎಂಬುವರು 1950ರ ದಶಕದಲ್ಲೇ ಈ ನಡುವಿನ ಜಾಗ ತೋರಿಸಿಕೊಟ್ಟಿದ್ದರು. ಮನುಷ್ಯ ಅತ್ಯುತ್ತಮ ಆಯ್ಕೆ ಹುಡುಕುತ್ತ ಕೂರುವುದಿಲ್ಲ, ಇರುವ ಸಮಯ, ಇರುವ ಮಾಹಿತಿಯಲ್ಲಿ ‘ಇಷ್ಟಾದರೆ ಸಾಕು’ ಅನ್ನಿಸಿದ್ದನ್ನು ಹಿಡಿಯುತ್ತಾನೆ ಎಂದರು. 1978ರಲ್ಲಿ ಅವರಿಗೆ ನೊಬೆಲ್ ಬಂತು. ಟೊಮೆಟೊ ವಿಷಯದಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಮಾತೇ.

ಬೋರ್‌ವೆಲ್ ಕತೆ ಬೇರೆ

ಆದರೆ ರೈತರ ಎಲ್ಲ ನಿರ್ಧಾರವೂ ಸರಿ ಎಂದು ಹೇಳಿಬಿಟ್ಟರೆ ಅದೂ ಸುಳ್ಳಾಗುತ್ತದೆ. ಮನಸ್ಸು ಲೆಕ್ಕವನ್ನು ತಪ್ಪಿಸುವುದನ್ನು ನೋಡಬೇಕೆಂದರೆ ಅದೇ ಹೊಲದಲ್ಲಿ ರಿಗ್ ಲಾರಿ ಬಂದ ದಿನ ನೋಡಬೇಕು.

ಈ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ಕೊರೆಯುವುದು ಇಲ್ಲಿ ಮಾಮೂಲು. ಯಾರೋ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ಗುರುತು ಮಾಡಿಕೊಟ್ಟಿರುತ್ತಾರೆ. ಪೂಜೆ ಆಗುತ್ತದೆ. ರಿಗ್ ಶುರುವಾಗುತ್ತದೆ. ಅಡಿಗೆ ಇಷ್ಟು ಅಂತ ರೇಟು, ಆಳಕ್ಕೆ ಹೋದಂತೆ ಅಡಿಯ ರೇಟೂ ಏರುತ್ತದೆ. ಮೇಲೆ ಬರುವುದು ಬೂದು ಬಣ್ಣದ ಒಣ ಪುಡಿ. 600 ಅಡಿ ಆಯಿತು. 800 ಆಯಿತು. 900ಕ್ಕೆ ಆಪರೇಟರ್ ಮುಖ ನೋಡುತ್ತಾನೆ, ನಿಲ್ಲಿಸೋದಾ? ಮನೆಯವರೆಲ್ಲ ಸುತ್ತ ನಿಂತಿದ್ದಾರೆ. ‘ಇನ್ನೊಂದು ನೂರಡಿ ನೋಡೋಣಣ್ಣ, ಇಷ್ಟು ಹಾಕಿದ್ದು ಹಾಕಿದ್ವಿ.’

ಆ ಕೊನೆಯ ಮಾತಿನಲ್ಲಿದೆ ತಪ್ಪು. 900 ಅಡಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಈಗ ಕೇಳಬೇಕಾದದ್ದು ಒಂದೇ, ಮುಂದಿನ ನೂರಡಿಯಲ್ಲಿ ನೀರು ಸಿಗುವ ಸಾಧ್ಯತೆ ಆ ನೂರಡಿಯ ಖರ್ಚಿಗೆ ತಕ್ಕಷ್ಟಿದೆಯಾ? ಟೊಮೆಟೊ ಕೀಳುವಾಗ ಗೊಬ್ಬರದ ದುಡ್ಡನ್ನು ಲೆಕ್ಕದಿಂದ ಹೊರಗಿಟ್ಟ ಅದೇ ರೈತ ಇಲ್ಲಿ ಹಾಕಿದ ದುಡ್ಡನ್ನು ಲೆಕ್ಕದೊಳಗೆ ತರುತ್ತಾನೆ. ಯಾಕೆ? ನಿಲ್ಲಿಸಿದ ಕ್ಷಣ ನಷ್ಟ ಖಾಯಂ ಆಗುತ್ತದೆ. ಮುಂದುವರಿಸಿದರೆ ಇನ್ನೂ ಆಸೆ ಉಳಿದಿರುತ್ತದೆ.

ಡೇನಿಯಲ್ ಕಾನ್ಮನ್ ಮತ್ತು ಏಮೊಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಖಚಿತವಾಗಿ 3,000 ಬೇಕಾ, ಅಥವಾ 4,000 ಸಿಗುವ ಶೇ 80 ಸಾಧ್ಯತೆ ಬೇಕಾ ಎಂದು ಕೇಳಿದಾಗ ಶೇ 80 ಮಂದಿ ಖಚಿತ 3,000 ಹಿಡಿದರು. ಪ್ರಶ್ನೆ ತಿರುಗಿಸಿ, ಖಚಿತವಾಗಿ 3,000 ಕಳೆದುಕೊಳ್ಳುತ್ತೀರಾ ಅಥವಾ 4,000 ಕಳೆದುಕೊಳ್ಳುವ ಶೇ 80 ಸಾಧ್ಯತೆ ಒಪ್ಪುತ್ತೀರಾ ಎಂದಾಗ ಶೇ 92 ಮಂದಿ ಜೂಜಿಗೆ ಇಳಿದರು. ಲಾಭದಲ್ಲಿರುವಾಗ ಜನ ಹುಷಾರು, ನಷ್ಟದಲ್ಲಿರುವಾಗ ಧೈರ್ಯಶಾಲಿಗಳು. ಪ್ರಯೋಗದಲ್ಲಿ ಇದ್ದವರಲ್ಲಿ ಹೆಚ್ಚಿನವರು ಇಸ್ರೇಲಿನ ವಿದ್ಯಾರ್ಥಿಗಳು. ಕೈಯಿಂದ ಒಂದು ಪೈಸೆಯೂ ಹೋಗದ ಊಹೆಯ ಪ್ರಶ್ನೆಗೇ ಅವರು ಹೀಗೆ ಉತ್ತರಿಸಿದರು. ಟ್ವೆರ್ಸ್ಕಿ 1996ರಲ್ಲಿ ತೀರಿಕೊಂಡರು. ಕಾನ್ಮನ್ 2002ರಲ್ಲಿ ನೊಬೆಲ್ ಪಡೆದರು.

ಇಲ್ಲೂ ಮನಸ್ಸನ್ನು ಮಾತ್ರ ಬೈದು ಮುಗಿಸುವಂತಿಲ್ಲ. ಒಣಗುತ್ತಿರುವ ಹಿಪ್ಪುನೇರಳೆ, ಬೆಳೆದು ನಿಂತ ಮಾವು ಉಳಿಯಬೇಕಾದರೆ ನೀರಿನ ಬೆಲೆ ನಿಜಕ್ಕೂ ಜಾಸ್ತಿ. ಪಕ್ಕದವನು 1,200 ಅಡಿ ಹೋದರೆ ನನ್ನ 900 ಅಡಿಯ ಬೋರ್ ಬತ್ತುತ್ತದೆ. ನಾನು ನಿಲ್ಲಿಸಿದರೆ ಉಳಿಯುವ ನೀರು ನನಗಲ್ಲ, ಅವನಿಗೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ, ಹಾಗಾಗಿ ನೀರು ಎತ್ತುವಾಗ ಜೇಬಿಗೆ ಬಿಸಿ ತಟ್ಟುವುದಿಲ್ಲ. ಒಬ್ಬೊಬ್ಬರ ಲೆಕ್ಕವೂ ಸರಿ, ಒಟ್ಟು ಸೇರಿದರೆ ಅಂತರ್ಜಲ ಖಾಲಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಗುಣಮಟ್ಟದ ಜಗಳ ಬೇರೆ ಇದೆ. ಇಲ್ಲಿಗೆ ಬೇಕಾದ ಮಾತು ಇಷ್ಟೇ: ನೀರು ಜಾಸ್ತಿಯಾದ ಮಾತ್ರಕ್ಕೆ ಪೈಪೋಟಿ ನಿಲ್ಲುವುದಿಲ್ಲ, ಯಾರು ಎಷ್ಟು ಎತ್ತಬೇಕು ಎಂಬ ಒಪ್ಪಂದ ಇಲ್ಲದಿದ್ದರೆ.

ಕೊಳ್ಳುವವರೇನು ದೊಡ್ಡ ಲೆಕ್ಕದವರಾ?

ರೈತನ ಬುದ್ಧಿ ಅಳೆಯುವ ನಗರದವರ ಕತೆಯೂ ಸ್ವಲ್ಪ ಇರಲಿ. ಟೊಮೆಟೊ ದುಬಾರಿಯಾದಾಗ ಹುಣಸೆಹಣ್ಣು ಹಾಕಿ ಸಾರು ಮಾಡುವುದು ಪಕ್ಕಾ ಲೆಕ್ಕದ ಕೆಲಸ. ಆದರೆ ಗಾಡಿಯವನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಿದ ಕೈಯೇ ಅದೇ ಸಂಜೆ ಡೆಲಿವರಿ ಚಾರ್ಜ್ ನೋಡದೆ ಊಟ ತರಿಸುತ್ತದೆ. ಐದು ರೂಪಾಯಿ ಎಲ್ಲಿದ್ದರೂ ಐದು ರೂಪಾಯಿಯೇ. ಮನಸ್ಸು ಮಾತ್ರ ಅದನ್ನು ವಸ್ತುವಿನ ಬೆಲೆಯ ಜೊತೆ ಇಟ್ಟು ನೋಡುತ್ತದೆ.

ಇದಕ್ಕೂ ಪ್ರಯೋಗ ಇದೆ. 15 ಡಾಲರಿನ ಕ್ಯಾಲ್ಕುಲೇಟರ್ 5 ಡಾಲರ್ ಅಗ್ಗಕ್ಕೆ ಸಿಗುವ ಅಂಗಡಿಗೆ ಇಪ್ಪತ್ತು ನಿಮಿಷ ಗಾಡಿ ಓಡಿಸುತ್ತೀರಾ ಎಂದರೆ ಶೇ 68 ಮಂದಿ ಹೂಂ ಅಂದರು. ಕ್ಯಾಲ್ಕುಲೇಟರಿನ ಬೆಲೆ 125 ಡಾಲರ್ ಎಂದಾಗ ಅದೇ 5 ಡಾಲರ್ ಉಳಿಸಲು ಹೊರಟವರು ಶೇ 29. ಇದು 1981ರ ಪ್ರಯೋಗ, ಅದೇ ಟ್ವೆರ್ಸ್ಕಿ, ಕಾನ್ಮನ್ ಅವರದು. ಈ ಥರದ ಮನಸ್ಸಿನ ಖಾತೆಗಳ ಬಗ್ಗೆ ಬಹಳ ಕೆಲಸ ಮಾಡಿದ ರಿಚರ್ಡ್ ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು.

ನಗರದವರ ತಪ್ಪು ಮರೆತುಹೋಗುತ್ತದೆ, ಯಾಕೆಂದರೆ ಐದು ರೂಪಾಯಿ ತಪ್ಪಿಗೆ ಯಾರೂ ಮುಳುಗುವುದಿಲ್ಲ. ಬೋರ್‌ವೆಲ್ ತಪ್ಪಿಗೆ ಒಡವೆ ಬ್ಯಾಂಕ್ ಸೇರುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೊಯ್ಲಿಗೆ ಮುಂಚೆ ಕೈ ಖಾಲಿ ಇದ್ದಾಗ ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಅವರು ಪಡೆದ ಅಂಕ ಕೊಯ್ಲಿನ ನಂತರ ಅದೇ ಜನ ಪಡೆದದ್ದಕ್ಕಿಂತ ಕಮ್ಮಿ ಇತ್ತು ಎಂದಿತು. ಅದರ ಅಂಕಿ ಲೆಕ್ಕದ ಬಗ್ಗೆ ತಕರಾರುಗಳೂ ಬಂದವು. ಆದರೆ ದಿಕ್ಕು ಗಮನಿಸಬೇಕು. ತಪ್ಪು ನಿರ್ಧಾರದಿಂದ ಬಡತನ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ದುಡ್ಡಿನ ಚಿಂತೆಯೇ ನಿರ್ಧಾರವನ್ನು ಕೆಡಿಸುತ್ತದಾ ಎಂದು ಈ ಅಧ್ಯಯನ ಕೇಳಿತು.

ಯಾವ ಉತ್ತರ ನಂಬಿದರೆ ಯಾವ ಪರಿಹಾರ

ರೈತ ದಡ್ಡ ಎಂದು ನಂಬಿದರೆ ಪರಿಹಾರ ತರಬೇತಿ ಶಿಬಿರ. ‘ಈ ಸಲ ಟೊಮೆಟೊ ಹಾಕಬೇಡಿ’ ಎಂದು ಇಲಾಖೆ ಹೇಳುವುದು. ಇದು ಕೆಲಸ ಮಾಡದಿರುವ ಕಾರಣ ಮೇಲೇ ಬಂತು. ಆ ಮಾತನ್ನು ಎಲ್ಲರೂ ಕೇಳಿದರೆ ಅದು ಸುಳ್ಳಾಗುತ್ತದೆ, ಮುಂದಿನ ಸಲ ಯಾರೂ ಕೇಳುವುದಿಲ್ಲ.

ಬೆಲೆ ಬಿದ್ದಾಗ, ಗೊತ್ತುಮಾಡಿದ ದರಕ್ಕೂ ಸಿಕ್ಕ ಬೆಲೆಗೂ ಇರುವ ವ್ಯತ್ಯಾಸದ ದುಡ್ಡನ್ನು ಸರ್ಕಾರ ಕೊಡಲಿ ಎಂಬುದು ಇನ್ನೊಂದು ಪರಿಹಾರ. 2025ರ ಜೂನ್‌ನಲ್ಲಿ ಮಾವಿಗೆ ಇದು ನಡೆಯಿತು. ಶ್ರೀನಿವಾಸಪುರ ಸೀಮೆಯ ತೋತಾಪುರಿ ಬೆಲೆ ಕುಸಿದು, ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯನ್ನು ತಡೆದು ಗಲಾಟೆಯಾದ ಮೇಲೆ, ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ದರದ ಆಧಾರದಲ್ಲಿ 2.5 ಲಕ್ಷ ಟನ್‌ವರೆಗೆ ವ್ಯತ್ಯಾಸ ಕೊಡಲು ಒಪ್ಪಿತು. ಮಾವಿಗೆ ಇದು ಹೊಂದುತ್ತದೆ. ಮರ ನೆಟ್ಟು ಫಸಲು ಬರಲು ವರ್ಷಗಳು ಬೇಕು, ಈ ವರ್ಷ ಪರಿಹಾರ ಕೊಟ್ಟರು ಅಂತ ಮುಂದಿನ ವರ್ಷ ಮಾವು ಹೆಚ್ಚುವುದಿಲ್ಲ. ಟೊಮೆಟೊಗೆ ಇದನ್ನೇ ಕೊಟ್ಟರೆ ಎರಡೇ ತಿಂಗಳಲ್ಲಿ ಸಸಿ ನೆಲಕ್ಕೆ ಹೋಗಿ ಹಣ್ಣು ಬಂದಿರುತ್ತದೆ. ನಷ್ಟದ ಭಯ ಹೋದಷ್ಟೂ ನೆಡುವುದು ಜಾಸ್ತಿ, ನೆಟ್ಟಷ್ಟೂ ಬೆಲೆ ಕಮ್ಮಿ, ಸರ್ಕಾರದ ಬಿಲ್ಲು ದೊಡ್ಡದು. ರೈತ ಲೆಕ್ಕಗಾರ ಎಂದು ಒಪ್ಪಿದರೆ ಈ ಪರಿಣಾಮವನ್ನೂ ಒಪ್ಪಬೇಕು.

ಕೆಚಪ್, ಪಲ್ಪ್ ಕಾರ್ಖಾನೆ ಬರಲಿ ಎಂಬ ಬೇಡಿಕೆ ಹಳೆಯದು. ಕೇಂದ್ರ ಸರ್ಕಾರ 2018ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದೇ ಆಪರೇಷನ್ ಗ್ರೀನ್ಸ್ ಹೆಸರಲ್ಲಿ 500 ಕೋಟಿ ರೂಪಾಯಿ ಇಟ್ಟಿತ್ತು. ಆದರೆ ಕಾರ್ಖಾನೆಗೆ ಬೇಕಾದದ್ದು ವರ್ಷವಿಡೀ ಒಂದೇ ಅಗ್ಗದ ದರ, ತಿರುಳು ಜಾಸ್ತಿ ಇರುವ ತಳಿ. ಇಲ್ಲಿ ಬೆಳೆಯುವುದು ಲಾರಿಯಲ್ಲಿ ದೂರ ಹೋಗಬಲ್ಲ ಗಟ್ಟಿ ಸಿಪ್ಪೆಯ ತಳಿ. ಬಾಕ್ಸ್ 1,000 ಆದ ದಿನ ಯಾವ ರೈತನೂ ಒಪ್ಪಂದದ 150ಕ್ಕೆ ಕೊಡುವುದಿಲ್ಲ. 40 ಆದ ದಿನ ಕಾರ್ಖಾನೆಯವನು ಹಣ್ಣಿನಲ್ಲಿ ಹುಳುಕು ಹುಡುಕುತ್ತಾನೆ. ಇಬ್ಬರೂ ಲೆಕ್ಕಸ್ಥರೇ. ಒಪ್ಪಂದ ಮುರಿದವನಿಗೆ ಪೆಟ್ಟು ಬೀಳುವ ವ್ಯವಸ್ಥೆ ಇಲ್ಲದ ಕಡೆ ಒಪ್ಪಂದ ನಿಲ್ಲುವುದಿಲ್ಲ.

ನಡುವಿನವರ ವಿಷಯಕ್ಕೆ ಬಂದರೆ, ಗ್ರಾಹಕ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ತಲುಪುವುದು ಸುಮಾರು 33 ಪೈಸೆ ಎಂದು ರಿಸರ್ವ್ ಬ್ಯಾಂಕಿನ 2024ರ ಅಧ್ಯಯನ ಪ್ರಬಂಧವೊಂದು ಹೇಳಿತು. ಆ ಪಾಲು ಹೆಚ್ಚಿದರೆ ಒಳ್ಳೆಯದೇ. ಆದರೆ ಅದರಿಂದ ಏರಿಳಿತ ನಿಲ್ಲುವುದಿಲ್ಲ.

ನನ್ನ ಲೆಕ್ಕದಲ್ಲಿ ಕಮ್ಮಿ ಖರ್ಚಿನ, ಜಾಸ್ತಿ ಉಪಯೋಗದ ಕೆಲಸ ನರ್ಸರಿಗಳಲ್ಲಿದೆ. ಇಲ್ಲಿ ಹೆಚ್ಚಿನ ರೈತರು ಸಸಿಯನ್ನು ತಾವೇ ಬೆಳೆಸುವುದಿಲ್ಲ, ನರ್ಸರಿಯಿಂದ ಟ್ರೇ ಲೆಕ್ಕದಲ್ಲಿ ತರುತ್ತಾರೆ. ಈ ವಾರ ಎಷ್ಟು ಸಸಿ ಹೋಯಿತು ಎಂದು ತಿಳಿದರೆ ಎರಡು ತಿಂಗಳ ನಂತರ ಎಷ್ಟು ಬಾಕ್ಸ್ ಬರಬಹುದು ಎಂದು ಅಂದಾಜು ಸಿಗುತ್ತದೆ. ಇದು ಬೆಲೆಯ ಭವಿಷ್ಯ ಹೇಳಿದಂತಲ್ಲ. ಬೇರೆಯವರು ಆಗಲೇ ಮಾಡಿರುವ ಕೆಲಸದ ಎಣಿಕೆ ಅಷ್ಟೆ. ಎಲ್ಲರೂ ನಂಬಿದರೂ ಅದು ಸುಳ್ಳಾಗುವುದಿಲ್ಲ. ರೈತನ ಲೆಕ್ಕದಲ್ಲಿ ಕಾಣೆಯಾಗಿರುವ ಅಂಕಿ ಇದೇ.

ಇದನ್ನು ಸುಮ್ನೆ ಕೇಳಿದರೆ ಯಾರೂ ಕೊಡುವುದಿಲ್ಲ. ಸಸಿ ಜಾಸ್ತಿ ಹೋಗಿದೆ ಎಂದು ಬೋರ್ಡ್ ಹಾಕಿದರೆ ನರ್ಸರಿಯ ಮುಂದಿನ ವ್ಯಾಪಾರ ಕೆಡುತ್ತದೆ, ಅವರ ಲೆಕ್ಕವೂ ಅವರಿಗಿದೆ. ತೋಟಗಾರಿಕೆ ಇಲಾಖೆ ಪ್ರತಿ ವಾರದ ಮಾರಾಟ ವರದಿಯನ್ನು ಕಡ್ಡಾಯ ಮಾಡಿ, ಒಟ್ಟು ಅಂಕಿಯನ್ನು ಎಪಿಎಂಸಿಯ ಹರಾಜು ಕಟ್ಟೆಯಲ್ಲಿ ಹಾಕಬೇಕಾಗುತ್ತದೆ. ಹಾಗೆ ಮಾಡಿದರೂ ಕೋಲಾರ, ಚಿಕ್ಕಬಳ್ಳಾಪುರದ ಎಣಿಕೆ ಮಾತ್ರ ಸಿಕ್ಕರೆ ಅರ್ಧ ಚಿತ್ರ. ಮದನಪಲ್ಲಿ ಕಡೆಯ ಸಸಿಗಳ ಲೆಕ್ಕವೂ ಬೇಕು, ಅದಕ್ಕೆ ಎರಡು ರಾಜ್ಯಗಳ ಇಲಾಖೆಗಳು ಕೂತು ಮಾತಾಡಬೇಕು. ತೋತಾಪುರಿ ಲಾರಿಗಳು ಗಡಿಯಲ್ಲಿ ನಿಂತದ್ದನ್ನು ನೋಡಿದರೆ ಆ ಮಾತುಕತೆ ಬೇಗ ಆಗುವ ಲಕ್ಷಣ ಕಾಣುತ್ತಿಲ್ಲ.